ಅರುವನ ಮಾತಿಗೆ ಹಾಡು ಹಾಕಿದವಳು

ಎಡಿಟಿಂಗ್ ಕಲಿಯಬೇಕೆಂದು ಈಗಲೂ ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೂತ ಕೂಡಲೇ ಕೇಳುವ ಪ್ರಶ್ನೆ ಒಂದೇ: ‘ಆಂಟಿ, ಯಾವ ಕೊಡೆಕ್ ಹಾಕಿದ್ರೆ ಒಳ್ಳೇದು?’ ವಿಡಿಯೋವನ್ನು ಕುಗ್ಗಿಸಿ ಫೈಲು ಮಾಡುವ ವಿಧಾನಕ್ಕೆ ಕೊಡೆಕ್ ಎನ್ನುತ್ತಾರೆ. ಯಾವುದು ಒಳ್ಳೆಯದೆಂದು ಹೇಳುವುದಕ್ಕೆ ನಾನೇ ಬೇಕಿಲ್ಲ, ಕೈಯಲ್ಲಿರುವ ಮೊಬೈಲೇ ಹೇಳುತ್ತದೆ. ಯಾವುದನ್ನು ಹಾಕಿದಾಗ ಯಾರ ಮನೆಯ ಏನು ಹಾಳಾಯಿತು ಎಂಬುದನ್ನು ಮಾತ್ರ ನಾನು ಹೇಳಬಲ್ಲೆ. ಕುಶಾಲನಗರದ ಒಂದು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಕೂತವಳು ನಾನು. ಕಣ್ಣು ಸೋತ ಮೇಲೆ ಬಿಟ್ಟೆ. ಅಷ್ಟು ವರ್ಷಗಳಲ್ಲಿ ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಈಗ ನೆನೆದರೆ ನಗು ಬರಿಸುವಂಥವು. ಒಂದು ಮಾತ್ರ ಹಾಗಲ್ಲ. ನಾಪೋಕ್ಲು ಕಡೆಯ ಚಂಗಪ್ಪ ಎಂಬ ಹಿರಿಯರ ಸ್ವರ ಜಗತ್ತಿನಲ್ಲಿ ಒಂದೇ ಒಂದು ಟೇಪಿನಲ್ಲಿತ್ತು. ಅದನ್ನು ಇಲ್ಲವಾಗಿಸಿದವಳು ನಾನು. ಅದನ್ನು ಬರೆದಿಡಲು ಕೂತಿದ್ದೇನೆ, ಉಳಿದದ್ದು ದಾರಿಯಲ್ಲಿ ಬರುತ್ತದೆ.

ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ಶುಂಠಿ, ಭತ್ತ ಮಾಡಿಕೊಂಡು ನಿಂತವರು. ನಾನು ಟೈಪಿಂಗ್ ಕಲಿತಿದ್ದೆ. ಮದುವೆ ಕ್ಯಾಸೆಟ್ಟಿಗೆ ಗಂಡು ಹೆಣ್ಣಿನ ಹೆಸರು ಟೈಪ್ ಮಾಡಲು ಒಬ್ಬರು ಬೇಕು ಎಂದಾಗ ಸೇರಿಕೊಂಡೆ. ಹೆಸರಿನಿಂದ ಶುರುವಾದದ್ದು ನಿಧಾನಕ್ಕೆ ಕತ್ತರಿಸುವುದು ಜೋಡಿಸುವುದಕ್ಕೆ ಬಂತು. ಅವ್ವನಿಗೆ ಕೊನೆಯವರೆಗೂ ನನ್ನ ಕೆಲಸ ಏನೆಂದು ಅರ್ಥವಾಗಲಿಲ್ಲ. ಯಾರಾದರೂ ಕೇಳಿದರೆ, ‘ಮದ್ವೆ ಕ್ಯಾಸೆಟ್ ಹೊಲಿಯಕ್ಕೋಯ್ತಾಳೆ’ ಎನ್ನುತ್ತಿದ್ದಳು. ನನಗೆ ಆ ಮಾತು ಇಷ್ಟವಾಗಿತ್ತು.

ಸ್ಟುಡಿಯೋ ವಾಸಣ್ಣನದು. ಮನೆಮಾತು ತುಳು, ಕ್ಯಾಮೆರಾ ಹಿಡಿದರೆ ಊಟದ ನೆನಪಿಲ್ಲದ ಮನುಷ್ಯ. ಕೋಪ ಮೂಗಿನ ತುದಿಯಲ್ಲಿ, ಆದರೆ ಸಂಜೆಯೊಳಗೆ ಇಳಿದುಹೋಗುತ್ತಿತ್ತು. ಕಂಪ್ಯೂಟರ್ ತಂದ ಹೊಸದರಲ್ಲಿ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎರಡು ವಿಸಿಆರ್ ಇಟ್ಟುಕೊಂಡು ಒಂದರಿಂದ ಒಂದಕ್ಕೆ ಇಳಿಸುತ್ತಿದ್ದ ಕಾಲಕ್ಕೆ ಆಯ್ಕೆ ಎಂಬುದೇ ಇರಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಒಂದು ಪುಟ ತುಂಬ ಚೌಕಗಳು. ಯಾವ ಕೊಡೆಕ್, ಎಷ್ಟು ಬಿಟ್‌ರೇಟ್, ಮೇಲಿನ ಗೆರೆ ಮೊದಲೋ ಕೆಳಗಿನ ಗೆರೆ ಮೊದಲೋ, ಧ್ವನಿ ಬೇಕೋ ಬೇಡವೋ. ನಾವು ಕಣ್ಣು ಮುಚ್ಚಿ ಓಕೆ ಒತ್ತಿದೆವು.

ಆ ಓಕೆಯ ಫಲ ಗೋಣಿಕೊಪ್ಪಲಿನ ಒಂದು ಮದುವೆಯಲ್ಲಿ ಕಂಡಿತು. ಆಗಿನ ಟೀವಿ ಒಂದು ಚಿತ್ರವನ್ನು ಎರಡು ಪಾಲು ಮಾಡಿ ತೋರಿಸುತ್ತಿತ್ತು. ಒಂದು ಬಿಟ್ಟು ಒಂದು ಗೆರೆ ಮೊದಲು, ಉಳಿದ ಗೆರೆ ಆಮೇಲೆ. ನಾನು ಅದನ್ನು ಹಿಂದುಮುಂದು ಮಾಡಿದ್ದೆ. ನಿಂತವರು ಚೆನ್ನಾಗಿಯೇ ಕಂಡರು. ವಾಲಗ ಶುರುವಾಗಿ ಜನ ಕೈ ಎತ್ತಿ ಕುಣಿಯತೊಡಗಿದ್ದೇ ತಡ, ಪ್ರತಿಯೊಂದು ಕೈಯೂ ಮುಂದಕ್ಕೆ ಒಂದು ಗೇಣು ಹೋಗಿ ಹಿಂದಕ್ಕೆ ಅರ್ಧ ಗೇಣು ಬರುತ್ತಿತ್ತು. ಡಿವಿಡಿ ವಾಪಸು ಬಂತು. ವಾಸಣ್ಣ ಅದನ್ನು ಹಾಕಿ ನೋಡಿ ತಲೆ ಮೇಲೆ ಕೈ ಹೊತ್ತ.

‘ಎಂತ ಮಾರಾಯ್ತಿ ಇದು! ಇಡೀ ಮದುವೆಗೆ ಚಳಿಜ್ವರ ಬಂದ ಹಾಗೆ ಉಂಟಲ್ಲ!’

ಇನ್ನೊಂದು, ಕೆಂಪು ಸೀರೆಯದು. ಕೊಡವ ಮದುಮಗಳು ಉಡುವುದು ಕೆಂಪು ರೇಷ್ಮೆ. ನಾವು ಬಳಸುತ್ತಿದ್ದ ಕೊಡೆಕ್‌ಗಳು ಬೆಳಕನ್ನು ಚುಕ್ಕಿ ಚುಕ್ಕಿಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗೆ ಒಂದರಂತೆ ಇಡುತ್ತವೆ. ಬಿಳಿ ನೀಲಿಯಲ್ಲಿ ಅದು ಗೊತ್ತಾಗುವುದಿಲ್ಲ. ಕೆಂಪಿನಲ್ಲಿ ಅಂಚೆಲ್ಲ ಕದಡಿ ಹೋಗುತ್ತದೆ. ನನಗೆ ಸೀರೆ ಮಂಕು ಅನ್ನಿಸಿ ಬಣ್ಣ ಏರಿಸಿದೆ, ಇನ್ನೊಂದು ಫಾರ್ಮ್ಯಾಟಿಗೆ ಇಳಿಸಿದೆ, ಮತ್ತೆ ಏರಿಸಿದೆ. ಕೊನೆಗೆ ಜರಿಯೂ ಇಲ್ಲ, ನೆರಿಗೆಯೂ ಇಲ್ಲ. ಕೆಂಪು ಮುದ್ದೆಯ ಮೇಲೆ ಒಂದು ಮುಖ. ಮದುಮಗಳ ತಾಯಿ ಬಂದು, ‘ಸೀರೆ ಆರಿಸೋಕೆ ಮೈಸೂರಿಗೆ ಮೂರು ಸಲ ಹೋಗಿದ್ದೇವೆ. ಅದನ್ನ ಎಲ್ಲಿಗೆ ಕಳಿಸಿದ್ರಿ?’ ಎಂದು ಕೇಳಿದರು. ತಲೆ ತಗ್ಗಿಸಿ ನಿಂತೆ.

ಹೀಗೆ ಬೈಸಿಕೊಂಡು ಬೈಸಿಕೊಂಡು ಕಲಿತದ್ದು ಇಷ್ಟು. ಕೊಡೆಕ್ ಎಂದರೆ ಏನನ್ನು ಇಟ್ಟುಕೊಳ್ಳಬೇಕು ಎಂಬ ಲೆಕ್ಕಾಚಾರ ಎಂದು ನಾವು ತಿಳಿದಿರುತ್ತೇವೆ. ಅದು ಏನನ್ನು ಬಿಸಾಡಬೇಕು ಎಂಬ ತೀರ್ಮಾನ. ಬಿಟ್‌ರೇಟ್, ಅಂದರೆ ಒಂದೊಂದು ಸೆಕೆಂಡಿಗೆ ಕೊಡುವ ಜಾಗ, ಕಡಿಮೆ ಮಾಡಿದಷ್ಟೂ ಬಿಸಾಡುವುದು ಜಾಸ್ತಿ. ಬೆಳಕು ಚೆನ್ನಾಗಿದ್ದರೆ ಬಿಸಾಡಿದ್ದು ಕಣ್ಣಿಗೆ ಬೀಳುವುದಿಲ್ಲ. ಮಂದ ಬೆಳಕಿನಲ್ಲಿ ಕ್ಯಾಮೆರಾ ತಾನೇ ಒಂದಷ್ಟು ಕಾಳು ಕಾಳು ಎಬ್ಬಿಸುತ್ತದೆ. ಕೊಡೆಕ್ ಪಾಪ, ಆ ಕಾಳುಗಳನ್ನೇ ಮುಖ್ಯವೆಂದುಕೊಂಡು ಜಾಗವನ್ನೆಲ್ಲ ಅದಕ್ಕೇ ಕೊಟ್ಟುಬಿಡುತ್ತದೆ. ಮುಖಕ್ಕೆ ಉಳಿಯುವುದು ನಾಲ್ಕಾರು ಚೌಕ.

ನಮಗೆ ಜಾಗದ್ದೇ ತಾಪತ್ರಯ. ಒಂದು ಗಂಟೆಯ ಟೇಪನ್ನು ಇದ್ದಹಾಗೇ ಇಳಿಸಿದರೆ ಹಾರ್ಡ್‌ಡಿಸ್ಕ್ ಗಬಗಬ ತುಂಬುತ್ತಿತ್ತು. ಸೀಜನ್ನಿನಲ್ಲಿ ಒಂದರ ಹಿಂದೆ ಒಂದು ಮದುವೆ. ವಾಸಣ್ಣ ಬಿಟ್‌ರೇಟನ್ನು ಇಳಿಸಬಹುದಾದಷ್ಟು ಇಳಿಸಿ, ಅದನ್ನೇ ಎಲ್ಲದಕ್ಕೂ ಹಾಕು ಎಂದ. ಅದರ ಮೇಲೆ ನನ್ನದೊಂದು ಜಾಣತನ ಸೇರಿತು. ಮದುವೆ ವಿಡಿಯೋಕ್ಕೆ ಹೇಗೂ ಹಾಡು ಹಾಕುತ್ತೇವೆ. ಜನರಿಗೆ ಬೇಕಾದದ್ದೂ ಹಾಡೇ. ಪಾತ್ರೆ ಸದ್ದು, ಮಕ್ಕಳ ಅಳು, ಯಾರೋ ಯಾರನ್ನೋ ಕೂಗುವುದು, ಇದನ್ನೆಲ್ಲ ಕಂಪ್ಯೂಟರಿಗೆ ಯಾಕೆ ಇಳಿಸಬೇಕು? ಇಳಿಸುವ ಪುಟದಲ್ಲಿ ‘ಆಡಿಯೋ’ ಎಂಬ ಚೌಕದಿಂದ ಟಿಕ್ಕನ್ನು ತೆಗೆದುಬಿಟ್ಟೆ. ಸ್ವಲ್ಪ ಜಾಗ ಉಳಿಯಿತು. ಆಮೇಲೆ ಮ್ಯೂಟ್ ಮಾಡುತ್ತಾ ಕೂರುವ ಕೆಲಸವೂ ತಪ್ಪಿತು. ವಾಸಣ್ಣ ನೋಡಿ, ‘ಭಾರಿ ತಲೆ ಉಂಟು ನಿಂಗೆ ಲಲಿತಾ’ ಎಂದ. ಆ ದಿನ ಉಬ್ಬಿಹೋಗಿದ್ದೆ.

ಈ ಜಾಣತನ ಕೊಡಗಿನಲ್ಲಿ ಯಾಕೆ ನಡೆಯಬಾರದಾಗಿತ್ತು ಎಂಬುದನ್ನು ಹೇಳಬೇಕು. ಕೊಡವರ ಮದುವೆಯಲ್ಲಿ ಪುರೋಹಿತರು ಇರುವುದಿಲ್ಲ. ಎರಡೂ ಮನೆಯ ಪರವಾಗಿ ಒಬ್ಬೊಬ್ಬ ಹಿರಿಯರು ದೀಪದ ಮುಂದೆ ಎದುರುಬದುರು ನಿಲ್ಲುತ್ತಾರೆ. ಅವರಿಗೆ ಅರುವ ಎನ್ನುತ್ತಾರೆ. ಹೋದ ಮನೆಯಲ್ಲಿ ಹುಡುಗಿಗೆ ಏನೇನು ಹಕ್ಕು ಎಂದು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ. ತಲೆಮಾರಿನಿಂದ ಬಾಯಿಪಾಠವಾಗಿ ಬಂದ ಮಾತು. ಆ ಮಾತೇ ಅಲ್ಲಿ ಶಾಸ್ತ್ರ. ವಾಸಣ್ಣನಿಗೂ ನನಗೂ ಕೊಡವರ ಭಾಷೆ, ಕೊಡವ ತಕ್ಕ್, ಬರುತ್ತಿರಲಿಲ್ಲ. ನಮ್ಮ ಪಾಲಿಗೆ ಅದು ‘ಅಜ್ಜಂದಿರ ಮಾತು’. ಕದಲದೆ ನಿಂತು ಮಾತಾಡುವ ಇಬ್ಬರು ವಯಸ್ಸಾದವರು, ಐದಾರು ನಿಮಿಷ. ನೋಡುವವರಿಗೆ ಬೇಜಾರು ಎಂದು ಅದನ್ನು ಒಂದೂವರೆ ನಿಮಿಷಕ್ಕೆ ಕತ್ತರಿಸಿ ಸಿನಿಮಾದ ಪ್ರೇಮಗೀತೆ ಹಾಕುತ್ತಿದ್ದೆ. ಯಾರೂ ದೂರು ಹೇಳಲಿಲ್ಲ. ಅರುವನ ಮಾತು ಕೇಳಬೇಕಾದರೆ ಮುಂದಿನ ಮದುವೆಗೆ ಹೋದರಾಯಿತಲ್ಲ, ಡಿವಿಡಿಯಲ್ಲಿ ಯಾರು ಕೇಳುತ್ತಾರೆ?

ಕಾಲ ಹೋದ ಹಾಗೆ ಟೇಪ್ ಹೋಯಿತು, ಡಿವಿಡಿ ಹೋಯಿತು. ಎಚ್ ಡಾಟ್ ಟೂ ಸಿಕ್ಸ್ ಫೋರ್ ಎಂಬ ಹೊಸ ಕೊಡೆಕ್ ಬಂದಾಗ ಅರ್ಧ ಜಾಗದಲ್ಲಿ ದುಪ್ಪಟ್ಟು ಚಂದದ ಚಿತ್ರ ಕಂಡು ನಾನು ಬೆರಗಾದೆ. ಅದರ ಮುಂದಿನ ಟೂ ಸಿಕ್ಸ್ ಫೈವ್ ಬಂದಾಗ ನಮ್ಮ ಕಂಪ್ಯೂಟರ್ ಏದುಸಿರು ಬಿಟ್ಟಿತು. ಪ್ರತಿ ಫೈಲಿಗೂ ಪ್ರಾಕ್ಸಿ ಎಂದು ಹಗುರದ ನಕಲು ಮಾಡಿ, ನಕಲಿನ ಮೇಲೆ ಕತ್ತರಿಸಿ, ಕೊನೆಗೆ ಅಸಲನ್ನು ಕೂರಿಸುವುದನ್ನು ಕಲಿತೆ. ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಬಾಯಿ ಒಂದು ಕಡೆ, ಮಾತು ಒಂದು ಕಡೆ ಹೋಗುತ್ತದೆ. ಫೋನು ಸೆಕೆಂಡಿಗೆ ಇಷ್ಟೇ ಚಿತ್ರ ಎಂದು ನಿಯತ್ತಾಗಿ ತೆಗೆಯುವುದಿಲ್ಲ, ಅದಕ್ಕೆ. ಮೊದಲು ಅದನ್ನು ಸರಿಯಾದ ಲೆಕ್ಕಕ್ಕೆ ಇಳಿಸಿಕೊಂಡು ಆಮೇಲೆ ಎಡಿಟಿಂಗಿಗೆ ಕೂರಬೇಕು. ಇದೆಲ್ಲ ಬಂದ ಮೇಲೆ ಧ್ವನಿಯ ಟಿಕ್ಕು ತೆಗೆಯುವ ಅಭ್ಯಾಸ ತಾನಾಗಿ ಬಿಟ್ಟುಹೋಯಿತು. ಡಿಸ್ಕು ದೊಡ್ಡದಾಗಿತ್ತು, ಅಷ್ಟೇ ಕಾರಣ. ಬುದ್ಧಿ ಬಂದದ್ದಲ್ಲ.

ಕೆಲಸ ಬಿಡುವ ಹಿಂದಿನ ವರ್ಷ, ಒಂದು ಮಧ್ಯಾಹ್ನ, ಪೊನ್ನಮ್ಮ ಎಂಬ ಹೆಂಗಸು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ನಾಪೋಕ್ಲಿನಿಂದ ಎರಡು ಬಸ್ ಬದಲಿಸಿ ಬಂದಿದ್ದರು. ಹಳೆಯ ಡಿವಿಡಿಯೊಂದನ್ನು ದಿಂಬಿನ ಹೊದಿಕೆಯಲ್ಲಿ ಸುತ್ತಿ ತಂದಿದ್ದರು. ಮೇಲೆ ನಮ್ಮ ಸ್ಟುಡಿಯೋ ಮೊಹರು.

‘ಮದುವೆ ನಮ್ಮ ಮನೆದಲ್ಲ. ಪಕ್ಕದ ಮನೆದು’ ಎಂದರು. ‘ಇದರಲ್ಲಿ ಅರುವ ಆಗಿ ನಿಂತಿರೋದು ನಮ್ಮ ಯಜಮಾನರು, ಚಂಗಪ್ಪ ಅಂತ. ಅವರಿಗೆ ಸ್ಟ್ರೋಕ್ ಆಗಿ ಮಾತು ಹೋಗಿದೆ. ಬಲಗೈ ಸ್ವಲ್ಪ ಸೋತಿದೆ, ಓಡಾಡೋಕೆ ಪರವಾಗಿಲ್ಲ. ಮಾತೇ ಇಲ್ಲ.’

ನಾನು ಕುರ್ಚಿ ಎಳೆದು ಕೂರಿಸಿದೆ.

‘ಮಡಿಕೇರಿಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ಅವರು ಹೇಳಿದ್ರು, ಬಾಯಿಪಾಠ ಆಗಿರೋದು ಏನಾದ್ರೂ ಇದ್ರೆ ಕೇಳಿಸಿ, ಅದರ ಹಿಂದೇನೇ ಹೋಗಿ ಒಂದೆರಡು ಶಬ್ದ ಬಂದರೂ ಬರಬಹುದು ಅಂತ. ಬೇರೆ ಅರುವರನ್ನ ಕರೆಸಿ ಹೇಳಿಸಿದೆ. ಯಜಮಾನರು ಮುಖ ತಿರುಗಿಸ್ತಾರೆ. ಅವರ ಸ್ವರದಲ್ಲೇ ಕೇಳಿಸಿದ್ರೆ ಅಂತ ನನಗೆ ಆಸೆ.’

‘ಬೇರೆ ಎಲ್ಲೂ ಇಲ್ವಾ ಅಮ್ಮ? ಮೊಬೈಲ್ನಲ್ಲಿ?’

‘ಅವರದ್ದು ಬಟನ್ ಫೋನು. ಕ್ಯಾಮೆರಾ ಕಂಡ್ರೆ ತೋಟಕ್ಕೆ ಹೋಗಿ ನಿಂತ್ಕೊಳ್ತಿದ್ರು. ಅರುವ ಆದಾಗ ಮಾತ್ರ ಓಡೋಕೆ ಆಗಲಿಲ್ಲ.’ ಒಂದು ಸಣ್ಣ ನಗು ಬಂದು ಹೋಯಿತು. ಆಮೇಲೆ ಡಿವಿಡಿ ಮುಂದೆ ಚಾಚಿದರು. ‘ಇದರ ಮೇಲೆ ಹಾಡು ಹಾಕಿದ್ದೀರಿ. ಹಾಡನ್ನ ತೆಗೆದ್ರೆ ಅಡಿಯಲ್ಲಿ ಅವರ ಮಾತು ಇರ್ತದೆ, ಅಲ್ವಾ?’

ಮೇಜಿನ ಮೇಲೆ ಬಟ್ಟೆ ಹಾಸಿದ ಹಾಗೆ, ಎತ್ತಿದರೆ ಕೆಳಗೆ ಮೇಜು ಇರಲೇಬೇಕು ಎಂದು ಅವರು ನಂಬಿದ್ದರು. ಆ ಡಿವಿಡಿಯಲ್ಲಿ ಅಡಿ ಎಂಬುದೇ ಇಲ್ಲವೆಂದು ನನಗೆ ಗೊತ್ತಿತ್ತು. ‘ಇದ್ರಲ್ಲಿ ಬರಲ್ಲ ಅಮ್ಮ. ಅಸಲು ಎಲ್ಲಾದ್ರೂ ಐತಾ ನೋಡ್ತೀನಿ, ಒಂದು ವಾರ ಕೊಡಿ’ ಎಂದೆ.

ಟೇಪನ್ನು ಮೊದಲು ಹುಡುಕಿದೆ. ಸಿಕ್ಕಿತು. ಒಂದೇ ಟೇಪನ್ನು ಎರಡು ಮೂರು ಸಲ ಬಳಸುವುದು ಆಗಿನ ವಾಡಿಕೆ. ಹಾಕಿ ನೋಡಿದರೆ ಮದುವೆ ಅಳಿಸಿಹೋಗಿ, ಅದರ ಮೇಲೆ ಕುಶಾಲನಗರದ ಒಂದು ಗೃಹಪ್ರವೇಶ. ಹಾಲು ಉಕ್ಕುವುದು, ಜನ ಚಪ್ಪಾಳೆ ತಟ್ಟುವುದು, ಎಲ್ಲ ಸದ್ದೂ ಸ್ಪಷ್ಟವಾಗಿತ್ತು.

ಉಳಿದದ್ದು ಹಳೆಯ ಹಾರ್ಡ್‌ಡಿಸ್ಕ್‌ಗಳು. ವಾಸಣ್ಣ ಅವನ್ನು ಒಂದು ರಟ್ಟಿನ ಡಬ್ಬದಲ್ಲಿ ಹಾಕಿಟ್ಟಿದ್ದ. ಎರಡು ತಿರುಗಲೇ ಇಲ್ಲ. ಮೂರನೆಯದು ಕಿರ್ರೆಂದು ಎದ್ದಿತು. ನಾಲ್ಕು ದಿನ ಒಂದೊಂದೇ ಫೋಲ್ಡರ್ ತೆರೆದೆ. ಐದನೆಯ ದಿನ ಆ ಮದುವೆಯ ಹೆಸರು ಕಂಡಿತು. ಟೇಪಿನಿಂದ ಇಳಿಸಿದ ಕತ್ತರಿಸದ ಫೈಲು. ಆ ಒಂದು ಸಲವಾದರೂ ಟಿಕ್ಕು ತೆಗೆಯಲು ಮರೆತಿರಲಿ ದೇವರೇ ಎಂದು ಬೇಡಿಕೊಂಡೆ. ನಾನು ಮರೆಗುಳಿ ಎಂದು ಮನೆಯಲ್ಲಿ ಎಲ್ಲರೂ ಬೈಯುತ್ತಾರೆ.

ಫೈಲು ತೆರೆಯಿತು. ಚಿತ್ರದ ಪಟ್ಟಿ ಬಂತು. ಅದರ ಕೆಳಗೆ ಧ್ವನಿಯ ಪಟ್ಟಿ ಬರಬೇಕಾದ ಜಾಗ ಬೋಳಾಗಿತ್ತು. ಮುಚ್ಚಿ ತೆರೆದೆ. ಬೇರೆ ಸಾಫ್ಟ್‌ವೇರಿನಲ್ಲಿ ತೆರೆದೆ. ಫೈಲಿನ ವಿವರ ನೋಡಿದೆ. ಧ್ವನಿ ಇಲ್ಲ ಎಂದೇ ಬರೆದಿತ್ತು. ಆ ಒಂದು ಕೆಲಸವನ್ನು ನಾನು ಒಮ್ಮೆಯೂ ಮರೆತಿರಲಿಲ್ಲ.

ವಾಸಣ್ಣ ಹಿಂದೆ ನಿಂತು ನೋಡುತ್ತಿದ್ದ. ‘ನಾನೇ ಅಲ್ವಾ ಜಾಗ ಉಳಿಸು ಅಂದದ್ದು. ನಿಂದೊಬ್ಬಳದೇ ತಪ್ಪು ಅಂತ ಯಾಕೆ ಅಂದ್ಕೊಳ್ತಿ?’ ಎಂದ. ಅವನು ಜಾಗ ಉಳಿಸು ಎಂದದ್ದು ನಿಜ. ಸ್ವರವನ್ನು ಬಿಸಾಡು ಎಂದಿರಲಿಲ್ಲ. ಅದು ನನ್ನ ತಲೆಯಿಂದ ಬಂದದ್ದು.

ಪೊನ್ನಮ್ಮನವರಿಗೆ ಫೋನ್ ಮಾಡಿ, ಚಿತ್ರ ಪೂರ್ತಿ ಸಿಕ್ಕಿದೆ, ಸ್ವರ ಮಾತ್ರ ಇಲ್ಲ ಎಂದು ಹೇಳಿದೆ. ‘ಹಾಡಿಲ್ಲದೆ ಚಿತ್ರ ಮಾತ್ರ ಆದ್ರೂ ಪೂರ್ತಿ ಉಂಟಲ್ಲ? ಬಾಯಿ ಆಡೋದು ಕಾಣ್ತದಲ್ಲ? ಅವರದ್ದೇ ಬಾಯಿ, ನೋಡಿದ್ರೆ ನೆನಪು ಬರಬಹುದು. ಕರ್ಕೊಂಡು ಬರ್ತೇನೆ’ ಎಂದರು. ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಬಂದರು. ಚಂಗಪ್ಪನವರು ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕ್ಷೌರ ಮಾಡಿದ ಕೆನ್ನೆ. ಬಾಯಿ ಒಂದು ಬದಿಗೆ ಸ್ವಲ್ಪ ಇಳಿದಿತ್ತು. ನನ್ನನ್ನು ಕಂಡು ಎಡಗೈ ಎತ್ತಿ ನಮಸ್ಕಾರ ಮಾಡಿದರು. ಯಾರಿಗೆ ನಮಸ್ಕರಿಸುತ್ತಿದ್ದಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡ ಪರದೆಯಲ್ಲಿ ಹಾಕಿದೆ. ದೀಪ, ಅದರ ಈಚೆ ಒಬ್ಬರು, ಆಚೆ ಒಬ್ಬರು. ಮಂಟಪದಲ್ಲಿ ಬೆಳಕು ಕಡಿಮೆ. ಚಂಗಪ್ಪನವರು ಕುಪ್ಯ ಎಂಬ ಕೊಡವರ ಉದ್ದನೆಯ ಅಂಗಿ ಹಾಕಿ, ಪೇಟ ಕಟ್ಟಿ ನೆಟ್ಟಗೆ ನಿಂತಿದ್ದರು. ಅವರು ಮಾತಾಡುತ್ತಿದ್ದಾರೆಂದು ತಲೆ ಅಲ್ಲಾಡುವುದರಿಂದ ಗೊತ್ತಾಗುತ್ತಿತ್ತು. ಬಾಯಿ ಇರಬೇಕಾದಲ್ಲಿ ಮೂರು ನಾಲ್ಕು ಕಂದು ಚೌಕಗಳು ಜಾಗ ಬದಲಿಸುತ್ತಿದ್ದವು. ಹಿಗ್ಗಿಸಿದೆ, ಚೌಕಗಳೇ ದೊಡ್ಡವಾದವು. ಈಗಿನ ಸಾಫ್ಟ್‌ವೇರ್ ಮುಖವನ್ನು ಚೊಕ್ಕ ಮಾಡುತ್ತದೆ ಎಂದು ಕೇಳಿ ಅದನ್ನೂ ಹಿಂದಿನ ದಿನ ಪ್ರಯತ್ನಿಸಿದ್ದೆ. ಅದು ಯಾವುದೋ ಒಂದು ಬಾಯಿಯನ್ನು ತಾನೇ ಕಟ್ಟಿ ಕೂರಿಸಿತ್ತು. ಆ ಬಾಯಿ ಅವರದಲ್ಲ ಎಂದು ಅಳಿಸಿದೆ.

ಚಂಗಪ್ಪನವರು ಐದು ನಿಮಿಷವೂ ರೆಪ್ಪೆ ಬಡಿಯದೆ ನೋಡಿದರು. ಪೊನ್ನಮ್ಮ ಪರದೆ ನೋಡಲಿಲ್ಲ, ಗಂಡನ ತುಟಿಯನ್ನೇ ನೋಡುತ್ತಿದ್ದರು. ತುಟಿ ಅಲುಗಲಿಲ್ಲ. ಮತ್ತೊಮ್ಮೆ ಹಾಕಲು ಹೇಳಿದರು. ಹಾಕಿದೆ. ಆಗಲೂ ಇಲ್ಲ. ಕೊನೆಯ ಚಿತ್ರದ ಮೇಲೆ ಹಾಗೇ ನಿಲ್ಲಿಸಿದೆ.

ಆಗ ಪೊನ್ನಮ್ಮ ನನ್ನ ಕಡೆ ತಿರುಗಿದರು. ‘ಎಡಿಟಿಂಗ್ ಮಾಡುವಾಗ ನೀವು ಕೇಳಿರ್ತೀರಲ್ಲ ಲಲಿತಾ. ಹೇಗೆ ಮಾತಾಡಿದ್ರು ಅಂತ ಇವರಿಗೆ ಒಂದ್ಸಲ ಹೇಳಿ. ಮನೆಯವರು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾರೆ ಅಂತ ತಿಳ್ಕೊಳ್ತಾರೆ. ಹೊರಗಿನವರು ಹೇಳಿದ್ರೆ ಸ್ವಲ್ಪ ಧೈರ್ಯ ಬರ್ತದೆ.’

ನಾನು ಕೇಳಿರಲಿಲ್ಲ. ಟೇಪಿನಿಂದ ಇಳಿಸುವಾಗ ಕಿರಿಕಿರಿ ಎಂದು ಸ್ಪೀಕರನ್ನೇ ಆರಿಸಿಡುತ್ತಿದ್ದೆ. ಆದರೆ ಅವರಿಬ್ಬರ ಮುಖ ನೋಡಿ ಸುಳ್ಳು ಬಾಯಿಗೆ ಬಂದುಬಿಟ್ಟಿತು.

‘ಕೇಳಿದೀನಿ ಸಾರ್’ ಎಂದೆ. ‘ಏನ್ ಗಟ್ಟಿ ಸ್ವರ ನಿಮ್ದು! ಮೈಕಿಲ್ದೆ ಇಡೀ ಮಂಟಪಕ್ಕೆ ಕೇಳ್ಸಂಗಿತ್ತು.’

ಚಂಗಪ್ಪನವರು ನನ್ನನ್ನು ಒಂದು ಕ್ಷಣ ನೋಡಿ, ನಿಧಾನಕ್ಕೆ ತಲೆಯನ್ನು ಅಡ್ಡ ಆಡಿಸಿದರು.

‘ಗಟ್ಟಿ ಅಲ್ಲ’ ಎಂದರು ಪೊನ್ನಮ್ಮ. ಸಿಟ್ಟಿನಿಂದಲ್ಲ, ತಿದ್ದುವ ಹಾಗೆ ಹೇಳಿದರು. ‘ಇವರದು ಭಾರಿ ಸಣ್ಣ ಸ್ವರ. ಇವರು ಅರುವ ಆದ್ರೆ ಜನ ಎಲ್ಲ ಹತ್ತಿರ ಬಂದು ನಿಲ್ಲೋರು.’

ನಾನು ಪರದೆ ನೋಡಿದೆ. ದೀಪದ ಸುತ್ತ ನಿಂತವರೆಲ್ಲ ಮೈ ಮುಂದಕ್ಕೆ ಬಗ್ಗಿಸಿದ್ದರು. ಒಬ್ಬ ಮುದುಕಿ ಕಿವಿಯ ಹಿಂದೆ ಕೈ ಇಟ್ಟುಕೊಂಡಿದ್ದಳು. ಒಬ್ಬ ತಂದೆ ಕಂಕುಳಲ್ಲಿದ್ದ ಮಗುವಿನ ಬಾಯಿಗೆ ಬೆರಳು ಅಡ್ಡ ಹಿಡಿದಿದ್ದ. ಇದೇ ಜನ ಕ್ಯಾಮೆರಾಕ್ಕೆ ಅಡ್ಡ ಬರುತ್ತಾರೆಂದು ಬೈದುಕೊಂಡು ಅವರನ್ನು ಕತ್ತರಿಸಿದ್ದು ನನಗೆ ನೆನಪಿತ್ತು.

‘ನಾನು ಕೇಳಿಲ್ಲ ಅಮ್ಮ’ ಎಂದೆ. ‘ಸದ್ದು ಆರಿಸಿಟ್ಟಿದ್ದೆ. ಸುಳ್ಳು ಹೇಳ್ದೆ.’

ಪೊನ್ನಮ್ಮ ಸೆರಗಿನ ತುದಿಯಿಂದ ಗಂಡನ ತುಟಿಯ ಓರೆಯನ್ನು ಒರೆಸಿದರು, ಕೈ ಹಿಡಿದು ಎಬ್ಬಿಸಿದರು. ‘ಬಸ್ಸಿಗೆ ಹೊತ್ತಾಯ್ತು’ ಎಂದರು. ಬಾಗಿಲ ಹತ್ತಿರ ಚಂಗಪ್ಪನವರು ತಿರುಗಿ ಮತ್ತೆ ಎಡಗೈ ಎತ್ತಿದರು. ಅವರು ಹೋದ ಮೇಲೆ ಫೈಲನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿದೆ. ಅಷ್ಟೊಂದು ಜನ ಮೈ ಬಗ್ಗಿಸಿ ಕೇಳಿಸಿಕೊಂಡ ಆ ಸ್ವರ ಹೇಗಿತ್ತೆಂದು ನನಗೆ ಗೊತ್ತಿಲ್ಲ.